95% ಅಂದರೆ ಯಾವುದರ 95%?

ಪ್ರಶ್ನೆ: ಕೋಲಾರದ ಮಂಡಿಗೆ ಬಂದ ಒಂದು ಲೋಡ್ ಟೊಮೆಟೊದಲ್ಲಿ 100 ಹಣ್ಣು ತೆಗೆದು ನೋಡಿದೆ. 12 ಕೊಳೆತಿದ್ದವು. 95% ಕಾನ್ಫಿಡೆನ್ಸ್ ಇಂಟರ್ವಲ್ (ನೋಡಿದ ಹಣ್ಣಿನಿಂದ ಇಡೀ ಲೋಡಿಗೆ ಹಾಕುವ ಅಂದಾಜಿನ ವ್ಯಾಪ್ತಿ) 5.6ರಿಂದ 18.4% ಬಂತು. ಇಡೀ ಲೋಡಿನಲ್ಲಿ ಕೊಳೆತದ್ದರ ಪ್ರಮಾಣ ಇದರೊಳಗೆ ಇರುವ ಸಾಧ್ಯತೆ 95% ಅಲ್ವಾ?
– ಬಿ.ಎಸ್‌ಸಿ ವಿದ್ಯಾರ್ಥಿನಿ, ಕೋಲಾರ

ಲೆಕ್ಕ ಸರಿ ಇದೆ. ಅದರ ಅರ್ಥ ಹೇಳುವಾಗ ಸ್ವಲ್ಪ ಜಾರಿದ್ದೀರಿ. ತುಂಬಾ ಜನ ಜಾರುವುದು ಇಲ್ಲೇ.

ಲೋಡಿನಲ್ಲಿ ಕೊಳೆತದ್ದು ಎಷ್ಟಿದೆಯೋ ಅಷ್ಟೇ, ಅದು ಬದಲಾಗುವುದಿಲ್ಲ. ಬದಲಾಗುವುದು ನಿಮ್ಮ ಇಂಟರ್ವಲ್. ಬೇರೆ 100 ಹಣ್ಣು ಕೈಗೆ ಬಂದು 9 ಕೊಳೆತಿದ್ದರೆ ಅದು 3.4ರಿಂದ 14.6 ಆಗುತ್ತಿತ್ತು.

ನಮ್ಮ ಹಳ್ಳಿಗಳಲ್ಲಿ ಸಂಜೆ ಕೋಳಿ ಮೇಲೆ ಮಂಕರಿ ಕವುಚುತ್ತಾರಲ್ಲ, ಅದನ್ನು ನೆನೆಸಿಕೊಳ್ಳಿ. ಕತ್ತಲಾಗಿದೆ. ಕೋಳಿ ಒಂದು ಕಡೆ ಕೂತಿದೆ, ಕದಲುವುದಿಲ್ಲ. ನೀವು ಅಂದಾಜಿನ ಮೇಲೆ ಮಂಕರಿ ಹಾಕುತ್ತೀರಿ. ನೂರು ಸಂಜೆಯಲ್ಲಿ 95 ಸಂಜೆ ಕೋಳಿ ಒಳಗೆ ಸಿಕ್ಕರೆ, ಆ 95 ನಿಮ್ಮ ಕೈಯ ಪಳಗಿಕೆ. ಇವತ್ತಿನ ಮಂಕರಿ ನೆಲ ಮುಟ್ಟಿದ ಮೇಲೆ ಕೋಳಿ ಒಳಗಿದೆ, ಇಲ್ಲವೇ ಹೊರಗಿದೆ. ಆ ಪಳಗಿಕೆಗೇ, ಅಂದರೆ ಮತ್ತೆ ಮತ್ತೆ ಹಾಕಿದ ಇಂಟರ್ವಲ್‌ಗಳಲ್ಲಿ ನಿಜವಾದ ಪ್ರಮಾಣ ನೂರಕ್ಕೆ ಎಷ್ಟು ಸಲ ಒಳಗೆ ಸಿಗುತ್ತದೆ ಎಂಬುದಕ್ಕೆ, ಕವರೇಜ್ ಪ್ರಾಬಬಿಲಿಟಿ ಅನ್ನುತ್ತಾರೆ. 1937ರಲ್ಲಿ ಸಂಖ್ಯಾಶಾಸ್ತ್ರಜ್ಞ ಯೆರ್ಜಿ ನೇಮನ್ ಈ ಸಿದ್ಧಾಂತವನ್ನು ವಿವರವಾಗಿ ಕಟ್ಟಿಕೊಟ್ಟದ್ದು ಹೀಗೇ.

ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು ಇನ್ನೊಂದು. ಸೂತ್ರ 95 ಅಂದ ಮಾತ್ರಕ್ಕೆ 95 ಸಿಗುತ್ತದಾ? ಲೋಡಿನಲ್ಲಿ ನಿಜಕ್ಕೂ 5% ಕೊಳೆತಿದೆ, ನೀವು 20 ಹಣ್ಣು ಮಾತ್ರ ನೋಡಿದ್ದೀರಿ ಅಂದುಕೊಳ್ಳಿ. ನೂರಕ್ಕೆ 36 ಸಲ ಆ 20ರಲ್ಲಿ ಒಂದೂ ಕೊಳೆತದ್ದು ಇರುವುದಿಲ್ಲ. ಆಗ ಪಠ್ಯಪುಸ್ತಕದ ಮಾಮೂಲಿ ಸೂತ್ರ (ನೀವು ಬಳಸಿದ್ದೂ ಅದೇ) ಕೊಡುವ ಇಂಟರ್ವಲ್ ಸೊನ್ನೆಯಿಂದ ಸೊನ್ನೆ! ಒಟ್ಟು ಲೆಕ್ಕ ಹಾಕಿದರೆ ಈ ಸೂತ್ರದ ಕವರೇಜ್ ಸುಮಾರು 64% ಅಷ್ಟೇ. ಹೆಸರಿಗೆ 95, ಕೆಲಸದಲ್ಲಿ 64.

ಅಮೆರಿಕದ ಗಣಿತಜ್ಞ ಎಡ್ವಿನ್ ವಿಲ್ಸನ್ 1927ರಲ್ಲೇ ಇದಕ್ಕಿಂತ ಒಳ್ಳೆಯ ಸೂತ್ರ ಕೊಟ್ಟಿದ್ದಾರೆ. ಒಂದೂ ಕೊಳೆತದ್ದು ಸಿಗದ ಆ 20 ಹಣ್ಣಿಗೆ ಅದು ಸೊನ್ನೆಯಿಂದ ಸುಮಾರು 16% ಅನ್ನುತ್ತದೆ. ನಿಮ್ಮ 100 ಹಣ್ಣಿಗೆ 7ರಿಂದ 19.8% ಬರುತ್ತದೆ. ಇದನ್ನೇ ಬರೆದುಕೊಳ್ಳಿ.

ಅದಕ್ಕೂ ಮೊದಲು ಒಂದು ಕೇಳಬೇಕಿತ್ತು. ಆ 100 ಹಣ್ಣು ಎಲ್ಲಿಂದ ತೆಗೆದಿರಿ? 15 ಕೆ.ಜಿ ಬಾಕ್ಸ್‌ಗಳು ಒಂದರ ಮೇಲೊಂದು ಇರುತ್ತವೆ. ಕೈಗೆ ಸಿಗುತ್ತದೆ ಅಂತ ಸುಮ್ನೆ ಮೇಲಿನವನ್ನೇ ನೋಡಿದ್ದರೆ, ಅಡಿಯಲ್ಲಿ ಜಜ್ಜಿಹೋದ ಹಣ್ಣು ಯಾವ ಸೂತ್ರಕ್ಕೂ ಕಾಣುವುದಿಲ್ಲ.