ಹೊಸದಾಗಿ ಕೊಂಡ ಹಳೆ ಮಸ್ಟಾಂಗ್‌ಗೆ ಮೊದಲು ಇಂಟೇಕಾ, ಎಕ್ಸಾಸ್ಟಾ? ಮತ್ತೆ ಆ ‘ಬ್ಯಾಕ್ ಪ್ರೆಶರ್’ ಮಾತು

ಪ್ರಶ್ನೆ: ಅಣ್ಣಾ, ಥಾಣೆಯಿಂದ ಬರೀತಿದ್ದೀನಿ. ಹೋದ ತಿಂಗಳು 2017ರ ಮಸ್ಟಾಂಗ್ ಜಿಟಿ ಸೆಕೆಂಡ್ ಹ್ಯಾಂಡ್ ತಗೊಂಡೆ. ಮೊದಲು ಕೋಲ್ಡ್ ಏರ್ ಇಂಟೇಕ್ ಹಾಕಿಸ್ಲಾ, ಫ್ರೀ ಫ್ಲೋ ಎಕ್ಸಾಸ್ಟ್ ಹಾಕಿಸ್ಲಾ? ಎಕ್ಸಾಸ್ಟ್ ಪೂರ್ತಿ ಫ್ರೀ ಮಾಡಿದ್ರೆ ಬ್ಯಾಕ್ ಪ್ರೆಶರ್ ಹೋಗಿ ಪಿಕಪ್ ಬಿದ್ದುಹೋಗುತ್ತೆ ಅಂತಾರೆ, ಹೌದಾ?

ಉತ್ತರ: ಈ ಪ್ರಶ್ನೆ ನನಗೆ ತಿಂಗಳಿಗೆ ಎರಡು ಮೂರು ಸಲವಾದರೂ ಬರುತ್ತದೆ. ಕಾರು ಬೇರೆ, ಊರು ಬೇರೆ, ಆದರೆ ಕೊನೆಯ ಆ ಬ್ಯಾಕ್ ಪ್ರೆಶರ್ ಸಾಲು ಮಾತ್ರ ಯಾವಾಗಲೂ ಅದೇ. ಪುಣೆ ಹತ್ತಿರದ ಭೋಸರಿಯ ನನ್ನ ಗ್ಯಾರೇಜಿನಲ್ಲಿ ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಈ ಸಲ ಬರೆದೇ ಬಿಡುತ್ತೇನೆ. ಮುಂದೆ ಯಾರು ಕೇಳಿದರೂ ಇದನ್ನೇ ಓದಲು ಕೊಡುತ್ತೇನೆ.

ಮೊದಲು ನೇರ ಉತ್ತರ. ಇಂಟೇಕ್, ಅಂದರೆ ಇಂಜಿನ್ ಗಾಳಿ ಎಳೆಯುವ ದಾರಿ, ಮುಟ್ಟಬೇಡಿ. ಕಂಪನಿಯ ಏರ್ ಬಾಕ್ಸ್ ಹಾಗೇ ಇರಲಿ, ಒಳಗೆ ಹೊಸ ಪೇಪರ್ ಫಿಲ್ಟರ್ ಹಾಕಿ, ಸಾಕು. ಖರ್ಚು ಮಾಡಲೇಬೇಕು ಅಂತ ಮನಸ್ಸಿದ್ದರೆ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್) ಆದಮೇಲಿನ ಪೈಪು ಮತ್ತು ಸೈಲೆನ್ಸರ್ ಬದಲಾಯಿಸಿ. ಕ್ಯಾಟ್ ಬ್ಯಾಕ್ ಸೆಟ್ ಅನ್ನುವುದು ಇದಕ್ಕೇ. ಎರಡೂವರೆ ಇಂಚಿನದು ಸಾಕು, ಮೂರು ಇಂಚಿನದು ಬೇಡ. ಅದರಿಂದ ನಿಮಗೆ ಸಿಗುವುದು ದನಿ. ಪವರ್ ಸಿಕ್ಕರೂ ಹತ್ತು ಹಾರ್ಸ್ ಪವರ್ ಒಳಗೆ. ದನಿ ಜಾಸ್ತಿಯಾದಾಗ ಕಾರು ಜೋರಾಗಿ ಓಡಿದ ಹಾಗೆ ಅನ್ನಿಸುತ್ತದೆ, ಅಷ್ಟೇ. ಗಡಿಯಾರ ಹಿಡಿದು ನೋಡಿದರೆ ಹೆಚ್ಚುಕಮ್ಮಿ ಮೊದಲಿನಷ್ಟೇ ಹೊತ್ತು.

ಇನ್ನು ಬ್ಯಾಕ್ ಪ್ರೆಶರ್. ಅಂದರೆ ಹೊರಗೆ ಹೋಗುವ ಹೊಗೆಗೆ ಪೈಪಿನಲ್ಲಿ ಎದುರಾಗುವ ಒತ್ತಡ.

ಇಂಜಿನ್‌ಗೆ ಬ್ಯಾಕ್ ಪ್ರೆಶರ್ ಬೇಕಿಲ್ಲ. ‘ಸ್ವಲ್ಪ ಬೇಕು’ ಅನ್ನುವವರೂ ತಪ್ಪು. ನಾಲ್ಕು ಸ್ಟ್ರೋಕ್ ಇಂಜಿನ್ನಿನಲ್ಲಿ ನಾಲ್ಕನೇ ಸ್ಟ್ರೋಕಿಗೆ ಪಿಸ್ಟನ್ ಮೇಲೆ ಬಂದು ಸುಟ್ಟ ಗಾಳಿಯನ್ನು ಹೊರಗೆ ದಬ್ಬುತ್ತದೆ. ಎದುರಿನಿಂದ ಒತ್ತಡ ಇದ್ದರೆ ದಬ್ಬುವುದಕ್ಕೆ ಶಕ್ತಿ ಬೇಕು. ಆ ಶಕ್ತಿ ಎಲ್ಲಿಂದ ಬರಬೇಕು? ಚಕ್ರಕ್ಕೆ ಹೋಗಬೇಕಾಗಿದ್ದ ಶಕ್ತಿಯಿಂದಲೇ. ಅದೂ ಸಾಲದು ಅಂತ, ಪೂರ್ತಿ ಹೊರಗೆ ಹೋಗದ ಹೊಗೆ ಸಿಲಿಂಡರಿನಲ್ಲೇ ಉಳಿಯುತ್ತದೆ. ಅದು ಉಳಿದಷ್ಟು ಜಾಗ ಹೊಸ ಗಾಳಿಗೆ ಇಲ್ಲ. ಹೀಗೆ ಎರಡು ಕಡೆಯಿಂದ ನಷ್ಟ ಮಾಡುವ ವಸ್ತು ಇಂಜಿನ್‌ಗೆ ಬೇಕು ಅಂತ ಹೇಗೆ ಹೇಳೋಣ?

‘ಆದರೆ ಸರ್, ನನ್ನ ಗೆಳೆಯ ದೊಡ್ಡ ಪೈಪ್ ಹಾಕಿಸಿದ, ಕೆಳಗಿನ ಪಿಕಪ್ ನಿಜಕ್ಕೂ ಹೋಯಿತಲ್ಲ?’ ಹೋಗಿರುತ್ತದೆ. ಅವರು ಸುಳ್ಳು ಹೇಳುತ್ತಿಲ್ಲ. ಕಂಡದ್ದು ನಿಜ, ಕೊಟ್ಟ ಕಾರಣ ತಪ್ಪು. ಹೋದದ್ದು ಒತ್ತಡ ಅಲ್ಲ, ವೇಗ.

ಮಾಟುಂಗಾ ಸ್ಟೇಷನ್ನಿನಲ್ಲಿ ನಿಂತಿದ್ದೀರಿ ಅಂದುಕೊಳ್ಳಿ. ಫಾಸ್ಟ್ ಲೋಕಲ್ ನಿಲ್ಲದೆ ಹೋಗುತ್ತದೆ. ಕೊನೆಯ ಡಬ್ಬಿ ದಾಟಿದ ಕೂಡಲೇ ಹಳಿಯ ಮೇಲಿನ ಕಾಗದ, ಧೂಳು ಎಲ್ಲ ಅದರ ಹಿಂದೆಯೇ ಓಡುತ್ತದೆ, ಅಲ್ವಾ? ಸಿಲಿಂಡರಿನಿಂದ ಹೊರಟ ಹೊಗೆಯ ಪ್ರತಿ ಉಂಡೆಯೂ ಹೀಗೇ. ಅದು ಪೈಪಿನಲ್ಲಿ ಜೋರಾಗಿ ಹೋದರೆ ಹಿಂದೆ ಒತ್ತಡ ಕಡಿಮೆಯಾಗುತ್ತದೆ. ಆ ಎಳೆತ ಉಳಿದ ಹೊಗೆಯನ್ನೂ ಹೊರಗೆಳೆಯುತ್ತದೆ. ಇಂಟೇಕ್ ವಾಲ್ವ್ ಆಗತಾನೇ ತೆರೆಯುತ್ತಿರುತ್ತದೆ, ಎಕ್ಸಾಸ್ಟ್ ವಾಲ್ವ್ ಇನ್ನೂ ಪೂರ್ತಿ ಮುಚ್ಚಿರುವುದಿಲ್ಲ. ಆ ಚಿಕ್ಕ ಗಳಿಗೆಯಲ್ಲಿ ಅದೇ ಎಳೆತ ಹೊಸ ಗಾಳಿಯನ್ನೂ ಒಳಗೆ ಕರೆದುಕೊಂಡು ಬರುತ್ತದೆ. ಇದಕ್ಕೆ ಸ್ಕ್ಯಾವೆಂಜಿಂಗ್ ಅನ್ನುತ್ತಾರೆ.

ಅದೇ ಲೋಕಲ್ ನಡೆಯುವವನ ವೇಗದಲ್ಲಿ ಹೋದರೆ? ಕಾಗದ ಅಲ್ಲಾಡುವುದಿಲ್ಲ. ಪೈಪು ಬೇಕಾದ್ದಕ್ಕಿಂತ ಅಗಲವಾದರೆ ಆಗುವುದು ಇದೇ. ಕಡಿಮೆ ಆರ್‌ಪಿಎಂನಲ್ಲಿ ಹೊಗೆ ಕಡಿಮೆ. ಅಗಲ ಪೈಪಿನಲ್ಲಿ ಅದು ನಿಧಾನವಾಗುತ್ತದೆ, ಎಳೆತ ಸಾಯುತ್ತದೆ, ಟಾರ್ಕ್, ಅಂದರೆ ಇಂಜಿನ್ ತಿರುಗಿಸುವ ಬಲ, ಬೀಳುತ್ತದೆ. ಹಾಗಂತ ಪೈಪನ್ನು ಬಿಗಿ ಮಾಡಿ ಒತ್ತಡ ಏರಿಸಿದರೆ ಟಾರ್ಕ್ ವಾಪಸ್ ಬರುವುದಿಲ್ಲ. ನಮಗೆ ಬೇಕಾಗಿರುವುದು ಹೊಗೆಯ ಓಟ ಕಾಯುವಷ್ಟು ಸಣ್ಣ, ಅದನ್ನು ತಡೆಯದಷ್ಟು ದೊಡ್ಡ ಪೈಪು. ಎರಡೂವರೆ ಇಂಚು ಅಂದದ್ದು ಅದಕ್ಕೇ. ಈ ಕಾರಿನಲ್ಲಿ ಎಂಟು ಸಿಲಿಂಡರಿನ ಹೊಗೆ ಎರಡು ಪೈಪುಗಳಲ್ಲಿ ಹಂಚಿಕೊಂಡು ಹೋಗುತ್ತದೆ. ಇಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ, ಸೂಪರ್‌ಚಾರ್ಜರ್ ಏನೂ ಇಲ್ಲ. ಮೂರು ಇಂಚು ಯಾಕೆ ಬೇಕು?

ಇಲ್ಲಿ ಒಬ್ಬರಾದರೂ ನೀರಿನ ಪೈಪಿನ ಉದಾಹರಣೆ ತರುತ್ತಾರೆ. ‘ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ದೂರ ಹಾರುತ್ತಲ್ಲ? ಅದೇ ಬ್ಯಾಕ್ ಪ್ರೆಶರ್!’ ಸರಿ. ಅದೇ ಪೈಪಿನಿಂದ ಒಂದು ಬಕೆಟ್ ತುಂಬಿಸಿ. ಒಮ್ಮೆ ಬೆರಳು ಒತ್ತಿ, ಒಮ್ಮೆ ತೆಗೆದು. ಯಾವಾಗ ಬೇಗ ತುಂಬಿತು? ಹೊಗೆ ಎಷ್ಟು ದೂರ ಹಾರಿತು ಅನ್ನುವುದು ಇಂಜಿನ್‌ಗೆ ಬೇಕಿಲ್ಲ. ಸಿಲಿಂಡರ್ ಎಷ್ಟು ಬೇಗ ಖಾಲಿಯಾಯಿತು ಅನ್ನುವುದು ಬೇಕು.

ಈ ತಪ್ಪು ತಿಳಿವಳಿಕೆ ನಮ್ಮಲ್ಲಿ ಇಷ್ಟು ಗಟ್ಟಿಯಾಗಿ ಕೂರಲು ಎರಡು ಬೈಕ್‌ಗಳು ಕಾರಣ ಅಂತ ನನ್ನ ನಂಬಿಕೆ. ಮೊದಲನೆಯದು ಆರ್‌ಎಕ್ಸ್ 100. ಹುಬ್ಬಳ್ಳಿಯಲ್ಲಿ ನಾನು ಕೆಲಸ ಕಲಿಯುವಾಗ ಆ ಗಾಡಿಯ ಸೈಲೆನ್ಸರ್ ಕತ್ತರಿಸಿದವರೆಲ್ಲ ಪಿಕಪ್ ಹೋಯಿತು ಅಂತ ಒಂದೇ ವಾರಕ್ಕೆ ವಾಪಸ್ ಬರುತ್ತಿದ್ದರು. ‘ಬ್ಯಾಕ್ ಪ್ರೆಶರ್ ಹೋಯ್ತು’ ಅಂತ ಮೇಸ್ತ್ರಿ ಹೇಳುತ್ತಿದ್ದರು. ನಾನೂ ಬಹಳ ವರ್ಷ ಅದನ್ನೇ ನಂಬಿದ್ದೆ. ಆದರೆ ಅದು ಟೂ ಸ್ಟ್ರೋಕ್. ಅದರ ಹೊಟ್ಟೆ ಉಬ್ಬಿದ ಸೈಲೆನ್ಸರ್ ಒತ್ತಡದ ಅಲೆಯನ್ನು ವಾಪಸ್ ಕಳಿಸುತ್ತದೆ. ಹೊಗೆ ಹೊರಹೋಗುವ ತೂತು, ಅಂದರೆ ಪೋರ್ಟ್, ಮುಚ್ಚುವ ಸ್ವಲ್ಪ ಮೊದಲು ಆ ಅಲೆ ಬಂದು, ಹೊರಗೆ ಸೋರಿದ ಹೊಸ ಪೆಟ್ರೋಲ್ ಗಾಳಿಯನ್ನು ಸಿಲಿಂಡರಿಗೆ ತಿರುಗಿ ತಳ್ಳುತ್ತದೆ. ಎಷ್ಟು ಚಂದದ ಕೆಲಸ ಅದು! ಆದರೆ ಅದು ಗಳಿಗೆ ನೋಡಿಕೊಂಡು ಬರುವ ಅಲೆ. ಸದಾ ಎದುರು ನಿಲ್ಲುವ ಒತ್ತಡ ಅಲ್ಲ. ನಿಮ್ಮ ಮಸ್ಟಾಂಗ್‌ನಲ್ಲಿ ವಾಲ್ವ್ ಇದೆ, ಪೋರ್ಟ್ ಕಾಯಲು ಅಲೆ ಬೇಕಿಲ್ಲ.

ಎರಡನೆಯದು ಕಾರ್ಬ್ಯುರೇಟರ್ ಕಾಲದ ಬುಲೆಟ್. ಸೈಲೆನ್ಸರ್ ಬದಲಾಯಿಸಿದರೆ ಗಾಳಿ ಹೆಚ್ಚು ಹರಿಯುತ್ತದೆ, ಪೆಟ್ರೋಲ್ ಬಿಡುವ ಸಣ್ಣ ತೂತು, ಅಂದರೆ ಜೆಟ್, ಮಾತ್ರ ಹಳೆಯದೇ. ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗುತ್ತದೆ, ಇಂಜಿನ್ ಕಾಯುತ್ತದೆ, ಪಿಕಪ್ ಬೀಳುತ್ತದೆ. ಬಹಳ ದಿನ ಹಾಗೇ ಓಡಿಸಿದರೆ ವಾಲ್ವ್ ಸುಡುತ್ತದೆ. ‘ಬ್ಯಾಕ್ ಪ್ರೆಶರ್ ಇಲ್ಲದಿದ್ದರೆ ವಾಲ್ವ್ ಸುಡುತ್ತೆ’ ಅನ್ನುವ ಮಾತಿನ ಮೂಲ ಇದು. ಜೆಟ್ ಸರಿ ಮಾಡಿದ್ದರೆ ಮುಗಿಯುತ್ತಿತ್ತು. ಇವತ್ತಿನ ಕಾರಿನಲ್ಲಿ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ತಾನೇ ಪೆಟ್ರೋಲ್ ಸರಿಪಡಿಸುತ್ತದೆ.

ಇಷ್ಟಾದರೂ ಯಾರಾದರೂ ‘ಸ್ವಲ್ಪ ಬ್ಯಾಕ್ ಪ್ರೆಶರ್ ಇರಲಿ ಬಿಡಿ’ ಅಂದರೆ ಒಂದು ಮಾತು ಕೇಳಿ. ಡ್ರ್ಯಾಗ್ ರೇಸಿನ ಟಾಪ್ ಫ್ಯೂಯೆಲ್ ಗಾಡಿಗಳಲ್ಲಿ ಪ್ರತಿ ಸಿಲಿಂಡರಿಗೂ ಒಂದೊಂದು ಮೋಟು ಪೈಪು, ಸೈಲೆನ್ಸರೇ ಇಲ್ಲ. ಒತ್ತಡದಿಂದ ಲಾಭ ಇದ್ದಿದ್ದರೆ ಅವರು ಬಿಡುತ್ತಿದ್ದರಾ?

ಈಗ ಇಂಟೇಕ್. ಇದು ಲೆಕ್ಕ, ನಂಬಿಕೆಯ ಮಾತಲ್ಲ. ನಿಮ್ಮದು 5 ಲೀಟರ್ ವಿ8, ಅಂದರೆ ಎರಡು ಬದಿಗೆ ನಾಲ್ಕು ನಾಲ್ಕು ಸಿಲಿಂಡರ್. ಎರಡು ಸುತ್ತು ತಿರುಗಿದಾಗ ಒಮ್ಮೆ 5 ಲೀಟರ್ ಗಾಳಿ ಎಳೆಯುತ್ತದೆ. 6,500 ಆರ್‌ಪಿಎಂನಲ್ಲಿ ನಿಮಿಷಕ್ಕೆ 16,250 ಲೀಟರ್. ಇಷ್ಟು ಗಾಳಿಗೆ ಕಂಪನಿಯ ಫಿಲ್ಟರ್ ಅಡ್ಡಿಯಾಗುತ್ತದಾ? ಗಾರೆ ಕೆಲಸದವರು ಮಟ್ಟ ನೋಡುವ ಪಾರದರ್ಶಕ ಟ್ಯೂಬ್ ಇದೆಯಲ್ಲ, ಅದನ್ನು ‘ಯು’ ಆಕಾರದಲ್ಲಿ ಹಲಗೆಗೆ ಕಟ್ಟಿ, ಬಣ್ಣದ ನೀರು ತುಂಬಿ, ಒಂದು ತುದಿಯನ್ನು ಫಿಲ್ಟರ್ ಆದಮೇಲಿನ ಪೈಪಿಗೆ ಸೇರಿಸಿ. ಪವರ್ ಅಳೆಯುವ ಯಂತ್ರ, ಅಂದರೆ ಡೈನೋ ಮೇಲೆ ಪೂರ್ತಿ ಎಕ್ಸಿಲರೇಟರ್ ಕೊಟ್ಟಾಗ ಎರಡು ಕಡೆಯ ನೀರಿನ ಮಟ್ಟಕ್ಕೆ 8 ಇಂಚು ವ್ಯತ್ಯಾಸ ಬಂತು ಅನ್ನಿ. ಸುತ್ತಲಿನ ಗಾಳಿಯ ಒತ್ತಡ ಸುಮಾರು 407 ಇಂಚು ನೀರಿಗೆ ಸಮ. ಅಂದರೆ ನೀವು ಕಳೆದುಕೊಂಡದ್ದು ಶೇಕಡಾ 2. ಫಿಲ್ಟರ್ ಪೂರ್ತಿ ಕಿತ್ತೆಸೆದರೂ ಇದಕ್ಕಿಂತ ಜಾಸ್ತಿ ವಾಪಸ್ ಬರುವುದಿಲ್ಲ. 401 ಹಾರ್ಸ್ ಪವರ್‌ಗೆ 8. ಡಬ್ಬದ ಮೇಲೆ 30 ಅಂತ ಬರೆದಿದ್ದರೆ ಅದು ಎಲ್ಲಿಂದ ಬಂತು ಅಂತ ಮಾರುವವರನ್ನೇ ಕೇಳಿ.

ಅದಕ್ಕಿಂತ ಮುಖ್ಯ ಬಿಸಿ. ಕಂಪನಿಯ ಏರ್ ಬಾಕ್ಸ್ ಮುಂದಿನ ಗ್ರಿಲ್ ಕಡೆಯಿಂದ ಹೊರಗಿನ ಗಾಳಿ ತೆಗೆದುಕೊಳ್ಳುತ್ತದೆ. ನೋಡಲು ಚಂದವಾದ ತೆರೆದ ಕೋನ್ ಫಿಲ್ಟರ್ ಹಾಕಿದರೆ ಬಾನೆಟ್ ಒಳಗಿನ ಗಾಳಿಯನ್ನೇ ಎಳೆಯುತ್ತದೆ. ಘೋಡ್‌ಬಂದರ್ ರಸ್ತೆಯ ಟ್ರಾಫಿಕ್ಕಿನಲ್ಲಿ ಹೊರಗೆ 33 ಡಿಗ್ರಿ, ಬಾನೆಟ್ ಒಳಗೆ 60 ಡಿಗ್ರಿ ಅಂದುಕೊಂಡರೆ ಗಾಳಿ ಶೇಕಡಾ 8ರಷ್ಟು ತೆಳುವಾಗಿರುತ್ತದೆ. 8 ಹಾರ್ಸ್ ಪವರ್ ಆಸೆಗೆ 32 ಕೊಟ್ಟ ಹಾಗಾಯಿತು. ಹೆಸರು ಕೋಲ್ಡ್ ಏರ್, ಕುಡಿಯುವುದು ಬಿಸಿ ಗಾಳಿ. ಎಣ್ಣೆ ಹಚ್ಚಿದ ಕಾಟನ್ ಫಿಲ್ಟರ್ ಆದರೆ ಇನ್ನೊಂದು ತೊಂದರೆ. ಎಣ್ಣೆ ಜಾಸ್ತಿಯಾದರೆ ಏರ್ ಫ್ಲೋ ಸೆನ್ಸರಿನ ತಂತಿಗೆ ಅಂಟಿ ಅದು ತಪ್ಪು ಲೆಕ್ಕ ಕೊಡಲು ಶುರು ಮಾಡುತ್ತದೆ.

ಫಿಲ್ಟರನ್ನು ಕೆಳಗೆ, ಚಕ್ರದ ಪಕ್ಕ ಇಡುವ ಕಿಟ್‌ಗಳಂತೂ ಮುಂಬೈಗೆ ಬೇಡವೇ ಬೇಡ. ಹಿಂದ್‌ಮಾತಾ, ಅಂಧೇರಿ ಸಬ್‌ವೇ, ಮಿಲನ್ ಸಬ್‌ವೇ ಮಳೆಗಾಲದಲ್ಲಿ ಹೇಗಿರುತ್ತವೆ ಅಂತ ನಿಮಗೆ ನಾನು ಹೇಳಬೇಕಾ? ನೀರು ಗಾಳಿಯ ಹಾಗೆ ಒತ್ತಿಕೊಳ್ಳುವುದಿಲ್ಲ. ಸಿಲಿಂಡರಿಗೆ ಒಮ್ಮೆ ನೀರು ಎಳೆದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಬಾಗಿದ ರಾಡ್ ಕೈಯಲ್ಲಿ ಹಿಡಿದು ನೋಡಿದ್ದೇನೆ. ಇಂಜಿನ್ ಬಿಚ್ಚಿದ ದಿನ ಆ ಮಾಲೀಕರ ಮುಖ ನೋಡಲು ಆಗಲಿಲ್ಲ.

ಮುಂಬೈಯವರಿಗೆ ಇನ್ನೊಂದು ವಿಷಯ. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರ. ಖಂಡಾಲಾ ಘಾಟ್ ಹತ್ತಿ ಇಲ್ಲಿಗೆ ಬಂದರೆ ಗಾಳಿ ಶೇಕಡಾ 5ರಿಂದ 6 ತೆಳು. ನಿಮ್ಮ ಕಾರು ಇಲ್ಲಿ 20 ಹಾರ್ಸ್ ಪವರ್‌ಗಿಂತ ಜಾಸ್ತಿ ಕಳೆದುಕೊಂಡಿರುತ್ತದೆ. ನಿಮಗೆ ಅದು ಗೊತ್ತೂ ಆಗಿರುವುದಿಲ್ಲ. ಹಾಗಾಗಿ ಮುಂಬೈಯಲ್ಲಿ ತೆಗೆದ ಡೈನೋ ಚೀಟಿ, ಪುಣೆಯಲ್ಲಿ ತೆಗೆದ ಚೀಟಿ ಪಕ್ಕಪಕ್ಕ ಇಟ್ಟು ‘ಇಂಟೇಕ್ ಕೆಲಸ ಮಾಡಿತು’ ಅನ್ನಬೇಡಿ. ಒಂದೇ ಡೈನೋ, ಒಂದೇ ದಿನ, ಹವಾಮಾನದ ತಿದ್ದುಪಡಿ ಹಾಕಿದ ಲೆಕ್ಕ. ಅದು ಬಿಟ್ಟು ಬೇರೆ ಯಾವುದನ್ನೂ ನಾನು ನೋಡುವುದಿಲ್ಲ.

ಎಕ್ಸಾಸ್ಟ್ ಮಾಡಿಸುವ ಮೊದಲು ಕಾನೂನು. ಮೋಟಾರು ವಾಹನ ಕಾಯ್ದೆ 1988ರ ಕಲಂ 52 ಕಾರನ್ನು ಮನಸ್ಸಿಗೆ ಬಂದಂತೆ ಬದಲಾಯಿಸಲು ಬಿಡುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿ ಹಿಡಿದಿದೆ. ಶಬ್ದ ಅಥವಾ ಹೊಗೆ ಮಿತಿ ಮೀರಿದರೆ ಕಲಂ 190(2)ರಲ್ಲಿ 10,000 ರೂಪಾಯಿವರೆಗೆ ದಂಡ, ಜೈಲೂ ಆಗಬಹುದು, ಲೈಸೆನ್ಸ್ ಮೂರು ತಿಂಗಳು ಹೋಗುತ್ತದೆ. ಅದಕ್ಕೇ ಕ್ಯಾಟ್ ತೆಗೆಯಬೇಡಿ. ಸೈಲೆನ್ಸರ್ ಇಲ್ಲದ ನೇರ ಪೈಪು ಬೇಡ. ಸೆಟ್ ಕೊಳ್ಳುವ ಮೊದಲೇ ಅದರ ಕಾಗದ ಹಿಡಿದು ಆರ್‌ಟಿಒದಲ್ಲಿ ಕೇಳಿ. ‘ಆಗಲ್ಲ’ ಅಂದರೆ ಕಂಪನಿಯದೇ ಇರಲಿ, ಅದೇನೂ ಕೆಟ್ಟದ್ದಲ್ಲ. ಕ್ಯಾಟ್ ತೆಗೆದ ಕಾರಿನ ಹಿಂದೆ ಸಿಗ್ನಲ್ಲಿನಲ್ಲಿ ಸ್ಕೂಟರ್ ನಿಲ್ಲಿಸಿಕೊಂಡ ಮಕ್ಕಳು ಕುಡಿಯುವುದು ಆ ಹೊಗೆಯನ್ನೇ. ನಾನು ಯಾರಿಗೂ ಕ್ಯಾಟ್ ತೆಗೆದುಕೊಟ್ಟಿಲ್ಲ, ಕೊಡುವುದೂ ಇಲ್ಲ.

ಮೂರು ಇಂಚು ಬೇಡ ಅನ್ನಲು ಇನ್ನೊಂದು ಕಾರಣ ಎಕ್ಸ್‌ಪ್ರೆಸ್‌ವೇ. ಗಂಟೆಗೆ 100 ಕಿಲೋಮೀಟರಿನಲ್ಲಿ ಮೇಲಿನ ಗೇರಿನಲ್ಲಿ ಹೋಗುವಾಗ ಆರ್‌ಪಿಎಂ ಕಡಿಮೆ. ಅಗಲ ಪೈಪಿನ ಗುಂಯ್ ಅನ್ನುವ ದನಿ ಅಲ್ಲೇ ಕಾರಿನೊಳಗೆ ತುಂಬುತ್ತದೆ. ಲೋಣಾವಳ ತಲುಪುವಷ್ಟರಲ್ಲಿ ಮನೆಯವರಿಗೆ ತಲೆನೋವು.

ಟೈರಿನ ತಾರೀಖು, ಬ್ರೇಕ್ ಆಯಿಲ್, ಕೂಲಂಟ್, ಪ್ಲಗ್. ಹಳೆ ಕಾರು ಕೊಂಡವರು ಮೊದಲು ನೋಡಬೇಕಾದ್ದು ಇವನ್ನು. ಟೈರ್ ಪಕ್ಕದ ನಾಲ್ಕು ಅಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 17 ಅಂತ ಮುಗಿದಿದ್ದರೆ ಎಕ್ಸಾಸ್ಟಿನ ದುಡ್ಡು ಅಲ್ಲಿಗೆ ಹೋಗಲಿ.

ದನಿಯ ಮಾತು ಬಂತಲ್ಲ, ನೀವು ಕೇಳದಿದ್ದರೂ ಇದನ್ನು ಹೇಳಲೇಬೇಕು. ಈ ಕಾರು ನಿಂತಲ್ಲೇ ‘ಗುಡು, ಗುಡುಗುಡು, ಗುಡು’ ಅಂತ ತಾಳ ತಪ್ಪಿದ ಹಾಗೆ ಯಾಕೆ ಮಾತಾಡುತ್ತದೆ? ಪಿಸ್ಟನ್‌ಗಳ ಏರಿಳಿತವನ್ನು ತಿರುಗಾಟವಾಗಿ ಬದಲಾಯಿಸುವ ದಂಡ, ಅಂದರೆ ಇದರ ಕ್ರ್ಯಾಂಕ್‌ಶಾಫ್ಟಿನ ತೋಳುಗಳು 90 ಡಿಗ್ರಿಗೊಂದು, ಎದುರಿನಿಂದ ನೋಡಿದರೆ ಕೂಡಿಸುವ ಗುರುತಿನ ಹಾಗೆ ಇವೆ. ಎಂಟೂ ಸಿಲಿಂಡರ್ ಸೇರಿಸಿ ನೋಡಿದರೆ 90 ಡಿಗ್ರಿಗೊಮ್ಮೆ ಸರಿಯಾಗಿ ಸಿಡಿಯುತ್ತವೆ. ಆದರೆ ಒಂದೇ ಬದಿಯ ನಾಲ್ಕನ್ನು ಕೇಳಿ. ಅವು ಸಿಡಿಯುವ ಅಂತರ 180, 270, 180, 90 ಡಿಗ್ರಿ. ಒಮ್ಮೆ ದೂರ, ಒಮ್ಮೆ ಹತ್ತಿರ. ಆ ಬದಿಯ ಪೈಪಿನಿಂದ ಬರುವ ದನಿ ಅದೇ ತಾಳ. ಅನೇಕ ಫೆರಾರಿ ವಿ8ಗಳ ಚಪ್ಪಟೆ ಕ್ರ್ಯಾಂಕಿನಲ್ಲಿ ಪ್ರತಿ ಬದಿಯೂ 180ಕ್ಕೊಮ್ಮೆ ಸಮವಾಗಿ ಸಿಡಿಯುತ್ತದೆ. ಅದಕ್ಕೇ ಅವು ಕಿರುಚುತ್ತವೆ, ನಿಮ್ಮದು ಗುಡುಗುತ್ತದೆ. ನಾಲ್ಕು ಸಿಲಿಂಡರಿನ ಕಾರಿಗೆ ಎಷ್ಟೇ ದುಡ್ಡು ಸುರಿದು ಸೈಲೆನ್ಸರ್ ಹಾಕಿಸಿದರೂ ಈ ದನಿ ಬರುವುದಿಲ್ಲ. ತಾಳ ಹುಟ್ಟುವುದು ಕ್ರ್ಯಾಂಕಿನಲ್ಲಿ, ಪೈಪಿನಲ್ಲಿ ಅಲ್ಲ.

ಪೈಪು ಮಾಡುವುದು ಆ ತಾಳವನ್ನು ಉಳಿಸುವ ಅಥವಾ ಕಲಸುವ ಕೆಲಸ. ಎರಡು ಬದಿಯ ಪೈಪುಗಳನ್ನು ‘ಎಕ್ಸ್’ ಹಾಗೆ ಸೇರಿಸಿದರೆ ಎರಡೂ ಬದಿಯ ಹೊಗೆ ಚೆನ್ನಾಗಿ ಬೆರೆತು ದನಿ ನಯವಾಗಿ, ಸ್ವಲ್ಪ ಮೇಲಿನ ಶ್ರುತಿಗೆ ಹೋಗುತ್ತದೆ. ‘ಎಚ್’ ಹಾಗೆ ನಡುವೆ ಒಂದು ಸೇತುವೆ ಮಾತ್ರ ಕೊಟ್ಟರೆ ಗುಡುಗು ಉಳಿಯುತ್ತದೆ. ಪವರ್ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ನಿಮ್ಮ ಕಿವಿಗೆ ಯಾವುದು ಹಿಡಿಸುತ್ತದೋ ಅದು. ನನ್ನ ಕಿವಿ ‘ಎಚ್’ ಕಡೆ. ಅದೇ ಕಾರಿನ ಎರಡೂ ಬಗೆ ಕೇಳಲು ಒಂದು ಭಾನುವಾರ ಭೋಸರಿಗೆ ಬನ್ನಿ, ಸ್ಟಾರ್ಟ್ ಮಾಡಿ ತೋರಿಸುತ್ತೇನೆ.