ಎರಡೇ ದಿನದ ಐಎಸ್‌ಒ ಸರ್ಟಿಫಿಕೇಟ್ ನಡೆಯುತ್ತಾ?

ಪ್ರಶ್ನೆ: ಪೀಣ್ಯದಲ್ಲಿ ಸಣ್ಣ ಮಷಿನ್ ಶಾಪ್ ಇದೆ, ಹದಿನಾಲ್ಕು ಜನ ಇದ್ದೇವೆ. ಐಎಸ್‌ಒ 9001 ಇದ್ದರೇನೇ ಆರ್ಡರ್ ಅಂತ ಒಬ್ಬ ಗಿರಾಕಿ ಹೇಳಿದ್ದಾರೆ. ಜಿಎಸ್‌ಟಿ ನಂಬರ್ ಕಳಿಸಿದರೆ ಎರಡು ದಿನದಲ್ಲಿ ಸರ್ಟಿಫಿಕೇಟ್ ಕೊಡುತ್ತೇವೆ ಅಂತ ಯಾರೋ ಫೋನ್ ಮಾಡಿದ್ದರು. ತಗೊಳ್ಳಬಹುದಾ?

ತಗೊಳ್ಳಬೇಡಿ. ಗೋಡೆಗೆ ಫ್ರೇಮ್ ಹಾಕಿಸಲು ಆಗುತ್ತದೆ, ಅಷ್ಟೇ.

ಜಿನೀವಾದ ಐಎಸ್‌ಒ ಸಂಸ್ಥೆ ಯಾರಿಗೂ ಸರ್ಟಿಫಿಕೇಟ್ ಕೊಡುವುದಿಲ್ಲ. ಅದು ಮಾನದಂಡ ಬರೆಯುತ್ತದೆ. ಕೆಲಸದಲ್ಲಿ ಗುಣಮಟ್ಟ ಕಾಪಾಡುವ ಪದ್ಧತಿ ಹೇಗಿರಬೇಕು ಅನ್ನುವ 9001 ಮೊದಲು ಬಂದದ್ದು 1987ರಲ್ಲಿ. ಆಡಿಟ್ ಮಾಡಿ ಸರ್ಟಿಫಿಕೇಟ್ ಕೊಡುವವರು ಬೇರೆ ಸಂಸ್ಥೆಗಳು. ಆ ಸಂಸ್ಥೆಗಳನ್ನೇ ಪರೀಕ್ಷಿಸಿ ಮಾನ್ಯತೆ ಕೊಡುವುದು ನಮ್ಮಲ್ಲಿ ಎನ್‌ಎಬಿಸಿಬಿ, ಅಂದರೆ ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳ ರಾಷ್ಟ್ರೀಯ ಮಾನ್ಯತಾ ಮಂಡಳಿ. ಹಾಗಾಗಿ ಫೋನ್ ಮಾಡಿದವರಿಗೆ ಒಂದೇ ಮಾತು ಕೇಳಿ: ನಿಮಗೆ ಮಾನ್ಯತೆ ಕೊಟ್ಟವರು ಯಾರು? ಏನೋ ದೊಡ್ಡ ಹೆಸರು ಹೇಳಿದರೆ ನಂಬಿಬಿಡಬೇಡಿ. ಮಾನ್ಯತೆ ಪಡೆದವರ ಪಟ್ಟಿ ಎನ್‌ಎಬಿಸಿಬಿ ವೆಬ್‌ಸೈಟ್‌ನಲ್ಲೇ ಇದೆ.

ಎರಡು ದಿನದಲ್ಲಿ ಯಾಕೆ ಆಗಲ್ಲ? ಆಡಿಟರ್ ನೋಡುವುದು ನೀವು ಕೆಲಸ ಮಾಡುವ ರೀತಿಯನ್ನು. ಕಳೆದ ತಿಂಗಳ ಒಂದು ಜಾಬ್ ಕಾರ್ಡ್ ಎತ್ತಿಕೊಂಡು ಹಿಂದಕ್ಕೆ ಹೋಗುತ್ತಾರೆ. ಡ್ರಾಯಿಂಗ್ ಯಾವ ರಿವಿಷನ್? ಅಳೆದ ವರ್ನಿಯರ್ ಸರಿಯಾಗಿ ತೋರಿಸುತ್ತದಾ ಅಂತ ಪರೀಕ್ಷೆ (ಕ್ಯಾಲಿಬ್ರೇಷನ್) ಆಗಿದೆಯಾ? ರಿಜೆಕ್ಟ್ ಆದ ಪೀಸ್ ಏನಾಯಿತು, ಅದೇ ತಪ್ಪು ಮತ್ತೆ ಆಗದಂತೆ ಏನು ಮಾಡಿದಿರಿ? ಇದಕ್ಕೆಲ್ಲ ದಾಖಲೆ ಇರಬೇಕಾದರೆ ಮೊದಲು ನೀವು ಕೆಲವು ತಿಂಗಳು ಹಾಗೆ ಕೆಲಸ ಮಾಡಿರಬೇಕು. ಒಳಗಿನ ಆಡಿಟ್, ಅಂದರೆ ನೀವೇ ಮಾಡಿಕೊಳ್ಳುವ ತಪಾಸಣೆ, ಒಂದು ಸುತ್ತು ಮುಗಿದಿರಬೇಕು. ಆಮೇಲೆ ಸರ್ಟಿಫಿಕೇಟ್ ಕೊಡುವವರ ಆಡಿಟ್, ಅದೂ ಎರಡು ಹಂತದಲ್ಲಿ. ಸರ್ಟಿಫಿಕೇಟ್ ಮೂರು ವರ್ಷಕ್ಕೆ, ನಡುವೆ ಪ್ರತಿ ವರ್ಷ ಬಂದು ನೋಡುತ್ತಾರೆ.

ದಪ್ಪ ದಪ್ಪ ಫೈಲ್ ಬೇಕು ಅಂತ ಹೆದರಬೇಡಿ. 9001ರ 2015ರ ಆವೃತ್ತಿ ಕ್ವಾಲಿಟಿ ಮ್ಯಾನ್ಯುಯಲ್ (ಗುಣಮಟ್ಟದ ಪದ್ಧತಿ ಬರೆದಿಟ್ಟ ಪುಸ್ತಕ) ಕಡ್ಡಾಯ ಅನ್ನುವುದಿಲ್ಲ. ಆದರೂ ಕನ್ಸಲ್ಟೆಂಟ್‌ಗಳು ಬೇರೆ ಕಂಪನಿಯ ಮ್ಯಾನ್ಯುಯಲ್‌ನಲ್ಲಿ ಹೆಸರು ಬದಲಿಸಿ ಕೊಡುವುದುಂಟು! ಸುಮ್ನೆ ದುಡ್ಡು ದಂಡ. ‘ನಾವೇ ತಯಾರಿ ಮಾಡಿಸಿ ನಾವೇ ಸರ್ಟಿಫಿಕೇಟ್ ಕೊಡುತ್ತೇವೆ’ ಅನ್ನುವವರಿಂದಲೂ ದೂರ ಇರಿ. ಪರೀಕ್ಷೆ ಮಾಡುವವರೇ ಟ್ಯೂಷನ್ ಹೇಳುವಂತಿಲ್ಲ, ಅದು ನಿಯಮ.

ಇನ್ನೊಂದು, ಇದು ಐಎಸ್‌ಐ ಮಾರ್ಕ್ ಅಲ್ಲ. ಅದು ವಸ್ತುವಿಗೆ, ಇದು ಕೆಲಸದ ರೀತಿಗೆ. ನಿಮ್ಮ ಪೀಸಿನ ಮೇಲೆ ಐಎಸ್‌ಒ ಅಂತ ಅಚ್ಚು ಹಾಕುವಂತಿಲ್ಲ.

ಯಾರಿಗಾದರೂ ಅಡ್ವಾನ್ಸ್ ಕೊಡುವ ಮುಂಚೆ ಗಿರಾಕಿಗೇ ಮೇಲ್ ಮಾಡಿ, ಯಾರು ಮಾನ್ಯತೆ ಕೊಟ್ಟ ಸಂಸ್ಥೆಯ ಸರ್ಟಿಫಿಕೇಟ್ ಒಪ್ಪುತ್ತೀರಿ ಅಂತ ಕೇಳಿ. ಉತ್ತರ ಬರಹದಲ್ಲೇ ಇರಲಿ.