ಕೊಟ್ಟವರು ಹಿಂಪಡೆಯಬಹುದಾದ ಹಕ್ಕು: ‘ಫ್ರಾಂಚೈಸಿ’ ನಡೆದು ಬಂದ ಹಾದಿ

2008ರಲ್ಲಿ ಐಪಿಎಲ್‌ನ ಬೆಂಗಳೂರು ತಂಡ 11.16 ಕೋಟಿ ಡಾಲರ್‌ಗೆ ಹರಾಜಾಯಿತು. ತಂಡ ‘ಕೊಂಡರು’ ಎಂದು ಆಗ ಎಲ್ಲರೂ ಅಂದೆವು, ಈಗಲೂ ಹಾಗೇ ಅನ್ನುತ್ತೇವೆ. ಆದರೆ 2011ರಲ್ಲಿ ಬಿಸಿಸಿಐ ಕೊಚ್ಚಿ ತಂಡದ ಒಪ್ಪಂದ ರದ್ದು ಮಾಡಿತು, ಮರುವರ್ಷ ಡೆಕ್ಕನ್ ಚಾರ್ಜರ್ಸ್ ಸರದಿ. ಮಾಲೀಕರ ಕೈಯಲ್ಲಿದ್ದದ್ದು ಆ ಊರಿನ ಹೆಸರಿನಲ್ಲಿ ತಂಡ ಆಡಿಸುವ ಷರತ್ತುಬದ್ಧ ಅನುಮತಿ ಅಷ್ಟೇ. ಅದರ ಹೆಸರೇ ಫ್ರಾಂಚೈಸಿ. ವಯಸ್ಕರೆಲ್ಲರ ಮತದಾನದ ಹಕ್ಕಿಗೂ ಇಂಗ್ಲಿಷಿನಲ್ಲಿ ಇದೇ ಹೆಸರಿದೆ. ಕೊಟ್ಟವರು ಕಸಿದುಕೊಳ್ಳಬಹುದಾದ ಪರವಾನಗಿ, ಯಾರೂ ಕಸಿಯಬಾರದ ಹಕ್ಕು: ಎರಡೂ ಒಂದೇ ಹೆಸರಿನಡಿ ಬಂದದ್ದು ಹೇಗೆ?

ಮೂಲ ಹುಡುಕಿದರೆ ಫ್ರಾಂಕರು ಸಿಗುತ್ತಾರೆ. ರೋಮ್ ಸಾಮ್ರಾಜ್ಯ ಕುಸಿಯುತ್ತಿದ್ದಾಗ ಇಂದಿನ ಫ್ರಾನ್ಸ್ ನೆಲವನ್ನು ಗೆದ್ದ ಜರ್ಮನ್ ಮೂಲದ ಜನ ಇವರು. ಗೆದ್ದ ನಾಡಿನಲ್ಲಿ ಪೂರ್ಣ ಸ್ವಾತಂತ್ರ್ಯ ಅವರದೇ ಆಗಿದ್ದರಿಂದ ಕುಲದ ಹೆಸರೇ ಹಳೆಯ ಫ್ರೆಂಚಿನಲ್ಲಿ ‘ಸ್ವತಂತ್ರ’ ಎಂಬ ಅರ್ಥ ಪಡೆಯಿತು. ಅಂಚೆ ಕಚೇರಿಯ ಫ್ರಾಂಕಿಂಗ್ ಯಂತ್ರದ ಹೆಸರಿಗೂ ಬೇರು ಅದೇ; ಬ್ರಿಟಿಷ್ ಸಂಸದರ ಸಹಿಯಿದ್ದ ಕಾಗದ ಒಂದು ಕಾಲದಲ್ಲಿ ಪುಕ್ಕಟೆಯಾಗಿ ಹೋಗುತ್ತಿತ್ತು.

ಮಧ್ಯಯುಗದ ಫ್ರಾಂಚೈಸ್ ಎಂದರೆ ವಿನಾಯಿತಿ. ಒಂದು ಪಟ್ಟಣಕ್ಕೆ ಸುಂಕ ಮಾಫಿ, ಒಬ್ಬ ಪ್ರಭುವಿಗೆ ಸಂತೆ ನಡೆಸುವ ಹಕ್ಕು, ಇನ್ನೊಬ್ಬನಿಗೆ ಸ್ವಂತ ನ್ಯಾಯಾಲಯ ನಡೆಸಿ ದಂಡ ಇಟ್ಟುಕೊಳ್ಳುವ ಹಕ್ಕು. ನಮ್ಮ ಶಾಸನಗಳಲ್ಲಿ ತೆರಿಗೆಯಿಲ್ಲದೆ ‘ಸರ್ವಮಾನ್ಯ’ವಾಗಿ ಬಿಟ್ಟ ಭೂಮಿಯ ಮಾತು ಓದಿದವರಿಗೆ ಇದು ಹೊಸದೆನಿಸದು. ಎಲ್ಲರಿಗೂ ಇರುವ ಹೊರೆಯನ್ನು ಕೆಲವರ ತಲೆಯಿಂದ ಇಳಿಸುವುದೇ ಆಗಿನ ಸ್ವಾತಂತ್ರ್ಯ. ಅದನ್ನು ಇಳಿಸುವವನು ರಾಜ.

ರಾಜ ಲೆಕ್ಕ ಕೇಳುವುದೂ ಇತ್ತು. ಇಂಗ್ಲೆಂಡಿನ ಒಂದನೇ ಎಡ್ವರ್ಡ್ 13ನೇ ಶತಮಾನದ ಕೊನೆಗೆ ದೇಶದುದ್ದಕ್ಕೂ ವಿಚಾರಣೆ ನಡೆಸಿ, ಈ ಹಕ್ಕುಗಳನ್ನು ಅನುಭವಿಸುತ್ತಿದ್ದ ಪ್ರಭುಗಳನ್ನು ಒಂದೇ ಪ್ರಶ್ನೆ ಕೇಳಿಸಿದ: ‘ಯಾವ ಅಧಿಕಾರದಿಂದ?’ ಲ್ಯಾಟಿನ್‌ನಲ್ಲಿ ‘ಕೋ ವಾರಂಟೊ’. ಅನರ್ಹರು ಸರ್ಕಾರಿ ಹುದ್ದೆಯಲ್ಲಿ ಕೂತರೆ ನಮ್ಮ ಹೈಕೋರ್ಟಿನಲ್ಲಿ ಇಂದಿಗೂ ಹಾಕುವ ರಿಟ್ ಅರ್ಜಿಯ ಹೆಸರು ಇದೇ. ರಾಜ ಪ್ರಜೆಗಳನ್ನು ಕೇಳುತ್ತಿದ್ದ ಪ್ರಶ್ನೆಯನ್ನು ಈಗ ಪ್ರಜೆ ಸರ್ಕಾರವನ್ನು ಕೇಳುತ್ತಾನೆ.

ಮತಕ್ಕೆ ಈ ಹೆಸರು ಬಂದದ್ದೂ ಪಟ್ಟಣಗಳ ಮೂಲಕವೇ. ಸನ್ನದು ಪಡೆದ ಪಟ್ಟಣದ ‘ಸ್ವತಂತ್ರ’ ಸದಸ್ಯರಿಗಿದ್ದ ಸವಲತ್ತುಗಳಲ್ಲಿ ಪಾರ್ಲಿಮೆಂಟಿಗೆ ಪ್ರತಿನಿಧಿ ಆರಿಸುವುದೂ ಸೇರಿತ್ತು. ಕ್ರಮೇಣ ಉಳಿದ ಸವಲತ್ತುಗಳು ಸವೆದವು, ಮತ ಉಳಿಯಿತು, ಹೆಸರು ಅದಕ್ಕೇ ಅಂಟಿತು. ಹಾಗಾಗಿ ಹುಟ್ಟಿನಿಂದಲೇ ಅದು ಕೆಲವರ ಸೊತ್ತು. ಕೌಂಟಿಗಳಲ್ಲಿ, ಅಂದರೆ ಇಂಗ್ಲೆಂಡಿನ ಜಿಲ್ಲೆಗಳಲ್ಲಿ, 1430ರಿಂದ ವರ್ಷಕ್ಕೆ 40 ಶಿಲಿಂಗ್ ಉತ್ಪತ್ತಿಯ ಸ್ವಂತ ಜಮೀನು ಇದ್ದವರಿಗಷ್ಟೇ ಮತ. 1832, 1867, 1884ರ ಕಾಯ್ದೆಗಳು ಬಾಗಿಲನ್ನು ಇಷ್ಟಿಷ್ಟೇ ತೆರೆದವು. ಹೆಂಗಸರಿಗೆ ಗಂಡಸರಷ್ಟೇ ಹಕ್ಕು ಸಿಗಲು 1928 ಬರಬೇಕಾಯಿತು.

ಮೈಸೂರಿನಲ್ಲೂ ಇದೇ ಕಥೆ. 1881ರ ಪ್ರಜಾಪ್ರತಿನಿಧಿ ಸಭೆಯ 144 ಸದಸ್ಯರು ನಾಮನಿರ್ದೇಶನಗೊಂಡವರು. 1891ರಲ್ಲಿ ಚುನಾವಣೆ ಬಂದಾಗಲೂ ಮತ ಆಸ್ತಿವಂತರದೇ. ಬ್ರಿಟಿಷ್ ಇಂಡಿಯಾದಲ್ಲಿ ಯಾರಿಗೆ ಮತ ಎಂಬುದನ್ನು ನಿರ್ಧರಿಸಲು ಬಂದ ಸೌತ್‌ಬರೋ ಸಮಿತಿಯ ಮುಂದೆ 1919ರ ಜನವರಿಯಲ್ಲಿ 27 ವರ್ಷದ ಅಂಬೇಡ್ಕರ್ ಸಾಕ್ಷ್ಯ ಹೇಳಿದರು. 1928ರಲ್ಲಿ ಸೈಮನ್ ಆಯೋಗದ ಮುಂದೆ ವಯಸ್ಕರೆಲ್ಲರಿಗೂ ಮತ ಬೇಕೆಂದು ವಾದಿಸಿದರು. ಸಂವಿಧಾನದ 326ನೇ ವಿಧಿ ಅದನ್ನು ಬರೆದುಕೊಂಡಿತು. ಮೊದಲ ಸಾರ್ವತ್ರಿಕ ಚುನಾವಣೆಯ ಪಟ್ಟಿಯಲ್ಲಿ ಸುಮಾರು 17.3 ಕೋಟಿ ಮತದಾರರಿದ್ದರು. ಆಗ ಸುಮಾರು 28 ಲಕ್ಷ ಹೆಂಗಸರ ಹೆಸರುಗಳನ್ನು ಕೈಬಿಡಬೇಕಾಯಿತು. ಅವರು ಸ್ವಂತ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ಮಗಳು ಎಂದು ಬರೆಸಿದ್ದರು. ಕಾಗದದ ಮೇಲೆ ಬಂದ ಹಕ್ಕು ಕೈಗೆ ಸಿಗಲು ಮೊದಲು ಹೆಸರು ಬೇಕಿತ್ತು. ಈ ಇಡೀ ಚರಿತ್ರೆಯಲ್ಲಿ ನನ್ನನ್ನು ಅತ್ಯಂತ ಕಾಡುವ ಸಂಗತಿ ಇದು.

ಇಷ್ಟಾದರೂ ಮತ ಹಾಕುವುದು ಕಾಯ್ದೆ ಕೊಟ್ಟ ಹಕ್ಕು ಎಂದು ಸುಪ್ರೀಂ ಕೋರ್ಟ್ 1952ರ ಪೊನ್ನುಸ್ವಾಮಿ ಪ್ರಕರಣದಲ್ಲಿ ಹೇಳಿತು. ‘ಕೊಡುವವನು’ ಇನ್ನೂ ಪೂರ್ತಿ ಮರೆಯಾಗಿಲ್ಲ ಎಂಬುದು ಮತದಾರರ ಪಟ್ಟಿ ಪರಿಷ್ಕರಣೆಯಾಗುವಾಗಲೆಲ್ಲ ನೆನಪಾಗಬೇಕು.

ವ್ಯಾಪಾರದ ಕವಲು ಬೇರೆ ಕಡೆ ಹೊರಳಿತು. 19ನೇ ಶತಮಾನದ ಅಮೆರಿಕದಲ್ಲಿ ಸೇತುವೆ ಕಟ್ಟಿ ಸುಂಕ ಎತ್ತಲು, ಬೀದಿಯಲ್ಲಿ ಟ್ರಾಮ್ ಓಡಿಸಲು ಸರ್ಕಾರ ಕಂಪನಿಗಳಿಗೆ ಕೊಡುತ್ತಿದ್ದ ಅನುಮತಿಯೂ ಫ್ರಾಂಚೈಸೇ. ಬಾಸ್ಟನ್‌ನ ಚಾರ್ಲ್ಸ್ ನದಿ ಸೇತುವೆಯ ಕಂಪನಿ, ಪಕ್ಕದಲ್ಲಿ ಎರಡನೇ ಸೇತುವೆ ಬರಬಾರದೆಂದು ಹೂಡಿದ ದಾವೆ 1837ರಲ್ಲಿ ಬಿದ್ದುಹೋಯಿತು. ಬರೆದುಕೊಡದ ಏಕಸ್ವಾಮ್ಯವನ್ನು ಊಹಿಸಿಕೊಳ್ಳುವಂತಿಲ್ಲ ಎಂದಿತು ಅಲ್ಲಿನ ಸುಪ್ರೀಂ ಕೋರ್ಟ್.

ಮುಂದೆ ರಾಜನ, ಸರ್ಕಾರದ ಜಾಗದಲ್ಲಿ ಕಂಪನಿಗಳು ಬಂದು ಕೂತವು. ಅಮೆರಿಕದ ರೋಚೆಸ್ಟರ್‌ನಲ್ಲಿ ಮನೆಗೆಲಸ ಮಾಡಿಕೊಂಡಿದ್ದ ಮಾರ್ಥಾ ಮಟಿಲ್ಡಾ ಹಾರ್ಪರ್ 1891ರ ಹೊತ್ತಿಗೆ ತನ್ನ ಕೇಶಾಲಂಕಾರ ಮಳಿಗೆಯ ಹೆಸರು, ವಿಧಾನಗಳನ್ನು ಬೇರೆ ಹೆಂಗಸರಿಗೆ ಕೊಡತೊಡಗಿದರು. 1899ರಲ್ಲಿ ಇಬ್ಬರು ವಕೀಲರು ಕೋಕಾ-ಕೋಲಾವನ್ನು ಬಾಟಲಿಗೆ ತುಂಬಿ ಮಾರುವ ಹಕ್ಕನ್ನು ಒಂದು ಡಾಲರ್‌ಗೆ ಪಡೆದರು. ಆ ಒಪ್ಪಂದಕ್ಕೆ ಅವಧಿಯೇ ಇರಲಿಲ್ಲ, ಪಾಕದ ಬೆಲೆಯೂ ಗೊತ್ತುಪಡಿಸಿದ್ದೇ. ಸಕ್ಕರೆ ತುಟ್ಟಿಯಾದಾಗ ಕಂಪನಿಯೇ ಇಕ್ಕಟ್ಟಿಗೆ ಸಿಕ್ಕಿ ವ್ಯಾಜ್ಯಕ್ಕೆ ಇಳಿಯಬೇಕಾಯಿತು. ಕೊಟ್ಟವನ ಕೈ ಕಟ್ಟಿಹೋದ ಅಪರೂಪದ ಪ್ರಸಂಗ ಅದು. ಈಗಿನ ಒಪ್ಪಂದಗಳಲ್ಲಿ ಅವಧಿ, ನವೀಕರಣ, ರದ್ದತಿ ಎಲ್ಲವನ್ನೂ ಸಾಮಾನ್ಯವಾಗಿ ಕೊಡುವವರೇ ಬರೆಯುತ್ತಾರೆ.

ಸಿನಿಮಾ ಸರಣಿಗಳಿಗೂ ಈಗ ಇದೇ ಹೆಸರು; ಅದು ತೀರಾ ಇತ್ತೀಚಿನದು. ನಮ್ಮ ಹಳ್ಳಿಗಳಿಗೆ ಹತ್ತಿರದ್ದು ಗ್ರಾಮ ಒನ್ ಕೇಂದ್ರ. ಅದನ್ನು ನಡೆಸುವವರೂ ಫ್ರಾಂಚೈಸಿಗಳೇ. ಚಹಾ ಅಂಗಡಿ, ಔಷಧಿ ಮಳಿಗೆ, ನರ್ಸರಿ ಶಾಲೆಯ ಫ್ರಾಂಚೈಸಿಗೆ ಒಡವೆ ಅಡವಿಟ್ಟು ದುಡ್ಡು ಹೂಡುವವರಿಗೆ ‘ಯಾವ ಅಧಿಕಾರದಿಂದ?’ ಎಂಬ ಎಡ್ವರ್ಡನ ಪ್ರಶ್ನೆ ಇನ್ನೂ ಬಿಸಿಯಾಗಿದೆ. ಅಮೆರಿಕದಲ್ಲಿ 1979ರಿಂದ, ಹಣ ಪಡೆಯುವ ಮೊದಲೇ ಕಂಪನಿ ತನ್ನ ವ್ಯವಹಾರದ ವಿವರಗಳನ್ನು ಬರೆದು ಕೊಡಬೇಕೆಂಬ ಕೇಂದ್ರ ನಿಯಮ ಇದೆ. ಭಾರತದಲ್ಲಿ ಫ್ರಾಂಚೈಸಿಗೆಂದೇ ಕಾನೂನು ಇಲ್ಲ. 1872ರ ಕರಾರು ಕಾಯ್ದೆ, 1999ರ ಟ್ರೇಡ್‌ಮಾರ್ಕ್ ಕಾಯ್ದೆಯಂಥ ಸಾಮಾನ್ಯ ಕಾನೂನುಗಳಲ್ಲೇ ಅವರು ರಕ್ಷಣೆ ಹುಡುಕಬೇಕು.